ಸಬ್‌ವೂಫರ್ ಪೆಟ್ಟಿಗೆಯ ‘ಪೋರ್ಟ್’ಗೆ ‘ಕೊರಳು’ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಪುಣೆಯ ನಾನಾ ಪೇಠೆಯಲ್ಲಿ ನಮ್ಮ ಭಾವನವರದು ಗಾಡಿಗಳಿಗೆ ಸೌಂಡ್ ಸಿಸ್ಟಂ ಕೂಡಿಸುವ ಅಂಗಡಿ. ಅಲ್ಲಿ ಕೆಲಸ ಮಾಡುವ ಹುಡುಗರಲ್ಲಿ ಹೆಚ್ಚಿನವರು ಇಂಡಿ, ಸಿಂದಗಿ ಕಡೆಯವರು. ಮರಾಠಿ ಚೆನ್ನಾಗಿ ಮಾತಾಡುತ್ತಾರೆ. ಓದುವುದಕ್ಕೆ ಮಾತ್ರ ಕನ್ನಡವೇ ಸಲೀಸು. ಪಿಕಪ್ ಗಾಡಿಗೆ ಪೋರ್ಟ್ (ಒಳಗಿನ ಗಾಳಿ ಹೊರಗೆ ಬರುವ ದಾರಿ) ಇರುವ ಸಬ್‌ವೂಫರ್ (ತಗ್ಗು ದನಿಯ ಸ್ಪೀಕರ್) ಪೆಟ್ಟಿಗೆ ಮಾಡುವುದು ಹೇಗೆ ಅಂತ ಅವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಚಿತ್ರ, ಅಳತೆ ಎಲ್ಲ ತಯಾರಿದೆ. ಪದಗಳು ಇನ್ನೂ ಕೂತಿಲ್ಲ. ಮುಖ್ಯವಾಗಿ ‘ಪೋರ್ಟ್’ಗೆ ಏನು ಹೇಳೋಣ?

ಪೋರ್ಟ್ ಅಂತಲೇ ಬಿಡಬಹುದಲ್ಲ ಎನ್ನಬಹುದು. ಸಬ್‌ವೂಫರ್, ಕೋನು, ಆಂಪ್ಲಿಫೈಯರ್ ಎಲ್ಲವನ್ನೂ ನಾನು ಹಾಗೇ ಬಿಟ್ಟಿದ್ದೇನೆ. ಆದರೆ ಪೋರ್ಟ್ ಅಂದರೆ ಈ ಹುಡುಗರಿಗೆ ಮೊಬೈಲಿನಲ್ಲಿ ಚಾರ್ಜರ್ ಚುಚ್ಚುವ ಜಾಗ. ಅಂದರೆ ಒಂದು ತೂತು. ಅಂಗಡಿಯಲ್ಲಿ ಮರಾಠಿಯ ‘ಭೋಕ’ ಬಳಸಿದರೂ ಅದೇ ಅರ್ಥ. ‘ರಂಧ್ರ’ ಎಂದು ಬರೆದರೂ ಅಷ್ಟೇ. ತೊಂದರೆ ಇರುವುದು ಇಲ್ಲೇ. ಪೋರ್ಟ್ ಬರೀ ತೂತಲ್ಲ, ಅದಕ್ಕೆ ಉದ್ದ ಇದೆ. ಆ ಉದ್ದವೇ ಅದರ ಜೀವ.

ಸ್ವಲ್ಪ ವಿವರಿಸುತ್ತೇನೆ. ಕೋನು, ಅಂದರೆ ಸ್ಪೀಕರಿನಲ್ಲಿ ಅಲುಗುವ ಭಾಗ, ಮುಂದಕ್ಕೂ ಗಾಳಿ ತಳ್ಳುತ್ತದೆ, ಹಿಂದಕ್ಕೂ ತಳ್ಳುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಹಿಂದಿನ ದನಿ ಒಳಗೇ ಉಳಿದುಬಿಡುತ್ತದೆ. ಪೋರ್ಟ್ ಇಟ್ಟರೆ ಅದೂ ಕೆಲಸಕ್ಕೆ ಬರುತ್ತದೆ. ಪೋರ್ಟಿನೊಳಗೆ ತುಂಬಿರುವ ಗಾಳಿಗೆ ತೂಕ ಇದೆ. ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ಅದನ್ನು ದೂಡುತ್ತದೆ, ಎಳೆಯುತ್ತದೆ. ತೂಕವೂ ಸ್ಪ್ರಿಂಗೂ ಸೇರಿದರೆ ಅದಕ್ಕೆ ತನ್ನದೇ ಒಂದು ಮಿಡಿತ ಬರುತ್ತದೆ. ಖಾಲಿ ಕೊಡದ ಬಾಯಿಗೆ ಊದಿದರೆ ಗುಂಯ್ ಎನ್ನುವುದೂ ಇದೇ ಕಾರಣಕ್ಕೆ. ಇದರ ಲೆಕ್ಕವನ್ನು 19ನೇ ಶತಮಾನದಲ್ಲಿ ಹಾಕಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಸ್ಪೀಕರ್ ಪೆಟ್ಟಿಗೆಗೆ ತಂದು ಪೇಟೆಂಟ್ ಪಡೆದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್. ಅರ್ಜಿ ಹಾಕಿದ್ದು 1930ರಲ್ಲಿ, ಸಿಕ್ಕಿದ್ದು 1932ರಲ್ಲಿ.

ಈಗ ಪಿಕಪ್ಪಿನ ಲೆಕ್ಕ ನೋಡಿ. 35 ಲೀಟರ್ ಪೆಟ್ಟಿಗೆ, ಮಿಡಿತ 34 ಹರ್ಟ್ಜ್ (ಸೆಕೆಂಡಿಗೆ 34 ಸಲ) ಇರಬೇಕು ಅಂದುಕೊಳ್ಳಿ. 4 ಇಂಚು ವ್ಯಾಸದ ಪೈಪ್ ಹಾಕಿದರೆ ಅದರ ಉದ್ದ ಸುಮಾರು 53 ಸೆಂ.ಮೀ. ಬೇಕು. ಪೈಪ್ ಇಲ್ಲದೆ 18 ಮಿ.ಮೀ. ಹಲಗೆಯಲ್ಲಿ ಅಷ್ಟೇ ಅಗಲದ ತೂತು ಕೊರೆದು ಬಿಟ್ಟರೆ? ಅದೇ ಪೆಟ್ಟಿಗೆ 87 ಹರ್ಟ್ಜ್ ಹತ್ತಿರ ಮಿಡಿಯುತ್ತದೆ. ಅದು ಸಬ್‌ವೂಫರ್ ಕೆಲಸವೇ ಅಲ್ಲ. ಬೇರೆ ಕಡೆ ಮಾಡಿಸಿದ ಇಂಥ ಪೆಟ್ಟಿಗೆಯೊಂದು ಈಚೆಗೆ ರಿಪೇರಿಗೆ ಬಂದಿತ್ತು. ತೂತು ಅಚ್ಚುಕಟ್ಟಾಗಿತ್ತು, ಹಿಂದೆ ಪೈಪೇ ಇರಲಿಲ್ಲ. ಕೋನಿನ ಅಂಚು ಹರಿದುಹೋಗಿತ್ತು. ಪಾಪ, ಮಾಡಿದವನು ಕೆಲಸಗಳ್ಳನಲ್ಲ. ಅವನಿಗೆ ಸಿಕ್ಕ ಮಾತು ‘ತೂತು’ ಅಷ್ಟೇ.

ಹಾಗಾಗಿ ನನಗೆ ಬೇಕಾದದ್ದು ಉದ್ದವನ್ನು ತನ್ನೊಳಗೇ ಹೊತ್ತಿರುವ ಪದ. ‘ಕಿಂಡಿ’ ಆಗುವುದಿಲ್ಲ. ಉಡುಪಿಯ ಕನಕನ ಕಿಂಡಿ ನೆನೆಸಿಕೊಳ್ಳಿ, ಕಿಂಡಿ ಇರುವುದು ಇಣುಕಲಿಕ್ಕೆ. ‘ಗವಾಕ್ಷಿ’ಯದೂ ಅದೇ ಕತೆ. ‘ಕೊಳವೆ’ಗೆ ಉದ್ದ ಇದೆ, ಆದರೆ ದುಂಡಗಿರುವುದನ್ನು ಮಾತ್ರ ಕೊಳವೆ ಎನ್ನುತ್ತೇವೆ. ಪಿಕಪ್ಪಿನಲ್ಲಿ ದುಂಡು ಪೈಪ್ ಕೂಡಿಸುವುದು ಕಷ್ಟ. ಸೀಟಿನ ಹಿಂದೆ ಸಿಗುವ ಜಾಗ ಅಡ್ಡಡ್ಡಲಾಗಿ ಇರುತ್ತದೆ, ಆಳ ಇರುವುದಿಲ್ಲ. 53 ಸೆಂ.ಮೀ. ಪೈಪನ್ನು ನೇರ ತೂರಿಸಲು ಆಗದು. ಪೈಪಿನ ಒಳತುದಿಗೂ ಎದುರಿನ ಗೋಡೆಗೂ ನಡುವೆ ಕಡಿಮೆ ಅಂದರೂ ಪೈಪಿನ ವ್ಯಾಸದಷ್ಟು ಜಾಗ ಬಿಡಬೇಕು ಬೇರೆ. ಆದ್ದರಿಂದ ಪೆಟ್ಟಿಗೆಯ ಒಂದು ಬದಿಗೆ ಹಲಗೆ ಇಟ್ಟು, ಮೂಲೆಯಲ್ಲಿ ತಿರುಗಿಸಿ, ಚಪ್ಪಟೆಯಾದ ದಾರಿ ಮಾಡುತ್ತಾರೆ. ಅದನ್ನು ತೋರಿಸಿ ಕೊಳವೆ ಅಂದರೆ ಬಡಿಗ ಒಪ್ಪುತ್ತಾನಾ?

ಇಂಗ್ಲಿಷ್‌ನಲ್ಲೂ ಇದು ಒಂದೇ ಪದಕ್ಕೆ ನಿಂತಿಲ್ಲ. ಪೋರ್ಟ್, ವೆಂಟ್, ಡಕ್ಟ್ ಮೂರೂ ಓಡಾಡುತ್ತವೆ. ಹಾಗಾಗಿ ನಾವು ಅವುಗಳಲ್ಲಿ ಒಂದನ್ನು ಹಿಡಿದು ಅನುವಾದಿಸುವ ಹಂಗು ಬೇಡ ಅನ್ನಿಸುತ್ತದೆ.

ನನ್ನ ಆಯ್ಕೆ ‘ಕೊರಳು’. ದುಂಡಗಿದ್ದರೆ ದುಂಡು ಕೊರಳು, ಹಲಗೆಯದಾದರೆ ಚಪ್ಪಟೆ ಕೊರಳು. ಅದು ಹೊರಗೆ ತೆರೆಯುವ ಜಾಗ ಬಾಯಿ. ತುದಿಯನ್ನು ಅಗಲಿಸಿ ನುಣುಪು ಮಾಡಿದ್ದರೆ ಅರಳಿದ ಬಾಯಿ. ‘ಕೊರಳುದ್ದ 53 ಸೆಂ.ಮೀ.’ ಅಂತ ಬರೆದರೆ ಯಾರೂ ತೂತು ಕೊರೆದು ಸುಮ್ನೆ ಕೂರುವುದಿಲ್ಲ. ಇನ್ನೊಂದು ಚೆಂದ ಇದೆ. ಕನ್ನಡದಲ್ಲಿ ಕೊರಳು ಅಂದರೆ ಕತ್ತೂ ಹೌದು, ದನಿಯೂ ಹೌದು. ‘ಅವರ ಕೊರಳು ಇಂಪು’ ಅನ್ನುತ್ತೇವಲ್ಲ. 34 ಹರ್ಟ್ಜ್ ಹತ್ತಿರ ಕೋನು ತಾನು ಹೆಚ್ಚು ಅಲುಗುವುದೇ ಇಲ್ಲ. ನಾವು ಕೇಳುವುದೆಲ್ಲ ಬಹುಮಟ್ಟಿಗೆ ಪೋರ್ಟಿನಿಂದ ಬಂದ ದನಿ. ಇಷ್ಟು ಸರಿಯಾಗಿ ಹೊಂದುವ ಪದ ಇನ್ನೊಂದು ನನಗೆ ಕಂಡಿಲ್ಲ.

ಒಂದು ಅಡಚಣೆಯೂ ಇದೆ. ‘ಕೊರಳನ್ನು 53 ಸೆಂ.ಮೀ.ಗೆ ಕತ್ತರಿಸಿ’ ಎಂದು ಬರೆದಾಗ ನಮ್ಮ ಅಕ್ಕ ಓದಿ, ಇದೇನು ಹೀಗೆ ಬರೆದಿದ್ದೀಯಾ ಎಂದು ಗಾಬರಿಯಾದಳು. ಹಲಗೆಯ ಪೋರ್ಟಿಗೆ ‘ಸೀಳುಕೊರಳು’ ಎನ್ನುವ ಯೋಚನೆಯನ್ನೂ ಇದೇ ಕಾರಣಕ್ಕೆ ಕೈಬಿಟ್ಟೆ. ಈಗ ‘ಪೈಪನ್ನು ಕತ್ತರಿಸಿ, ಕೊರಳು ಕೂಡಿಸಿ’ ಎಂದು ತಿದ್ದಿದ್ದೇನೆ. ಇದಕ್ಕಿಂತ ‘ಕಂಠ’ ಒಳ್ಳೆಯದೇ? ಕೊಡಕ್ಕೆ ಕಂಠ ಅನ್ನುವುದು ರೂಢಿಯಲ್ಲೇ ಇದೆ. ಆದರೆ ವಿಜಯಪುರದ ಹುಡುಗರ ಬಾಯಲ್ಲಿ ‘ಕೊಳ್ಳು’ ಬರುತ್ತದೆ, ಅದಕ್ಕೆ ಕೊರಳು ಹತ್ತಿರ.

ಎರಡನೆಯ ಪದ ‘ಟ್ಯೂನಿಂಗ್’, ಅಂದರೆ ಪೆಟ್ಟಿಗೆ ಎಷ್ಟು ಹರ್ಟ್ಜ್‌ನಲ್ಲಿ ಮಿಡಿಯುತ್ತದೆ ಎನ್ನುವುದು. ಇದಕ್ಕೆ ‘ಶ್ರುತಿ’ ತಾನಾಗಿ ಬರುತ್ತದೆ. ‘ಪೆಟ್ಟಿಗೆಯ ಶ್ರುತಿ 34 ಹರ್ಟ್ಜ್’ ಎಂದರೆ ಕೇಳಲು ಹಿತ. ಆದರೆ ‘ಶ್ರುತಿಪೆಟ್ಟಿಗೆ’ ಎಂಬ ವಾದ್ಯ ಮೊದಲೇ ಇದೆ. ಎರಡು ಪದ ಅಕ್ಕಪಕ್ಕ ಬಂದಲ್ಲೆಲ್ಲ ಓದುವವರು ಅತ್ತ ಹೋಗುತ್ತಾರೆ. ಇನ್ನೊಂದು ಸಂದೇಹ: ಶ್ರುತಿ ಎಂದರೆ ಹಾಡುವವರು, ನುಡಿಸುವವರು ಎಲ್ಲರೂ ಕೂಡಿಕೊಳ್ಳುವ ಆಧಾರ. ಪೆಟ್ಟಿಗೆಯ ಟ್ಯೂನಿಂಗ್ ಯಾವ ಹಾಡಿಗೂ ಕೂಡುವುದಲ್ಲ, ಅದು ಕೊರಳು ಹೆಚ್ಚು ಕೆಲಸ ಮಾಡುವ ಜಾಗ ಅಷ್ಟೇ. ಅದಕ್ಕೇ ಮೇಲೆ ‘ಮಿಡಿತ’ ಎಂದು ಬಳಸಿದೆ. ಸಂಗೀತ ಬಲ್ಲವರು ಏನನ್ನುತ್ತೀರಿ?

ಪೆಟ್ಟಿಗೆಯೊಳಗಿನ ಜಾಗಕ್ಕೆ ‘ವಾಲ್ಯೂಮ್’ ಬೇಡವೇ ಬೇಡ. ಅದು ದನಿ ಏರಿಸುವ ಬಟನ್ ಆಗಿಹೋಗಿದೆ. ‘ಒಳಗಾತ್ರ’ ಎಂದು ಇಟ್ಟಿದ್ದೇನೆ. ಕೊರಳು, ಸ್ಪೀಕರ್, ಒಳಗಿನ ಅಡ್ಡಪಟ್ಟಿ ಹಿಡಿಯುವ ಜಾಗ ಕಳೆದು ಉಳಿಯುವುದಕ್ಕೆ ‘ನಿವ್ವಳ ಒಳಗಾತ್ರ’. ನಿವ್ವಳ ತೂಕ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ 35 ಲೀಟರ್ ನಿವ್ವಳವೇ. 53 ಸೆಂ.ಮೀ. ಪೈಪ್ ಒಂದೇ 4 ಲೀಟರಿಗಿಂತ ಜಾಸ್ತಿ ತಿನ್ನುತ್ತದೆ, ಅದನ್ನು ಬೇರೆಯಾಗಿ ಕೂಡಿಸಬೇಕು.

‘ಅನ್‌ಲೋಡ್’ ಇನ್ನೂ ಕಷ್ಟದ್ದು. ಮಿಡಿತಕ್ಕಿಂತ ಕೆಳಗಿನ ದನಿ ಬಂದಾಗ ಪೆಟ್ಟಿಗೆಯ ಗಾಳಿ ಕೊರಳಿನಿಂದ ಸಲೀಸಾಗಿ ಒಳಹೊರಗೆ ಓಡಾಡುತ್ತದೆ. ಕೋನನ್ನು ತಡೆದು ಹಿಡಿಯುವುದು ಏನೂ ಉಳಿಯುವುದಿಲ್ಲ. ಅದು ಬೇಕಾಬಿಟ್ಟಿ ಅಲುಗಿ ಹರಿಯುತ್ತದೆ. ಇದಕ್ಕೆ ಕೋನು ಅನ್‌ಲೋಡ್ ಆಯಿತು ಅನ್ನುತ್ತಾರೆ. ಮಾರ್ಕೆಟ್ ಯಾರ್ಡಿಗೆ ತರಕಾರಿ ತರುವ ಪಿಕಪ್ ಡ್ರೈವರ್‌ಗೆ ಅನ್‌ಲೋಡ್ ಅಂದರೆ ಮಾಲು ಇಳಿಸುವುದು. ‘ಕೋನಿಗೆ ಆಸರೆ ತಪ್ಪುತ್ತದೆ’ ಎಂದು ಬರೆದಿದ್ದೇನೆ. ಇದು ನನಗೆ ಸಮಾಧಾನ ಕೊಟ್ಟಿದೆ, ಬದಲಿಸುವ ಮನಸ್ಸಿಲ್ಲ.

ಕೊನೆಯದು, ಬಾಯಿ ಚಿಕ್ಕದಾದಾಗ ಬರುವ ಸದ್ದು. 4 ಇಂಚಿನ ಬದಲು 3 ಇಂಚಿನ ಪೈಪ್ ಹಾಕಿದರೆ ಉದ್ದ 28 ಸೆಂ.ಮೀ. ಸಾಕು, ಪಿಕಪ್ಪಿನಲ್ಲಿ ಸುಲಭವಾಗಿ ಕೂರುತ್ತದೆ. ಆದರೆ ಅಷ್ಟೇ ಗಾಳಿ ಇಕ್ಕಟ್ಟಿನಲ್ಲಿ ನುಗ್ಗಬೇಕು. ವೇಗ ಸೆಕೆಂಡಿಗೆ ಸುಮಾರು 17 ಮೀಟರ್ ದಾಟಿದರೆ ಹಾಡಿನ ಜೊತೆಗೆ ಗಾಳಿಯ ಸದ್ದೂ ಕೇಳಿಸತೊಡಗುತ್ತದೆ. ‘ಬುಸುಗುಟ್ಟುವುದು’ ಅಂದರೆ ಹಾವಿನ ನೆನಪು ಬರುತ್ತದೆ, ದನಿ ಅಷ್ಟು ಚೂಪಲ್ಲ. ‘ಉಸುಗುಟ್ಟುವುದು’ ಅನ್ನಬಹುದೇ? ಕುಲುಮೆಯ ತಿದಿ ಒತ್ತುವಾಗ ಬರುವ ಸದ್ದಿಗೆ ನಿಮ್ಮೂರಲ್ಲಿ ಏನನ್ನುತ್ತಾರೆ? ಅದು ಬಹಳ ಹತ್ತಿರದ ಸದ್ದು. ಕುಂಬಾರಿಕೆ, ಕಮ್ಮಾರಿಕೆ ಮನೆತನದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಮಡಕೆಯ ಕತ್ತಿಗೆ ಕುಂಬಾರರ ಮನೆಯಲ್ಲಿ ಬೇರೆ ಮಾತು ಇದ್ದರೆ ಅದನ್ನೂ ಬರೆಯಿರಿ. ಕೊರಳಿಗಿಂತ ಚೆನ್ನಾಗಿದ್ದರೆ ಅದನ್ನೇ ಹಾಕುತ್ತೇನೆ, ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.