ಹಿತ್ತಲ ಗುಡ್ಡದ ಮೇಲೆ ಬಿರುಕು ಬಿಟ್ಟಿದೆ, ಸುಮ್ನೆ ಹೆದರುತ್ತಿದ್ದೇನಾ?

ದುರ್ಗದ ಹಿತ್ತಲು:
ನಮ್ಮ ಮನೆ ಚಿತ್ರದುರ್ಗದ ಹೊರಗೆ, ಜೋಗಿಮಟ್ಟಿ ಕಡೆ, ಒಂದು ಗುಡ್ಡದ ಬುಡದಲ್ಲಿದೆ. ಹೋದ ಬೇಸಿಗೆಯಲ್ಲಿ ಹಿಂದಿನ ಸೈಟಿನವರು ಜೆಸಿಬಿ ತಂದು ಗುಡ್ಡವನ್ನು ಗೋಡೆ ಥರ ನೆಟ್ಟಗೆ ಕಡಿದುಬಿಟ್ಟರು. ಎರಡಾಳು ಎತ್ತರ ಇದೆ. ಮೊನ್ನೆ ಎರಡು ದಿನ ಜಡಿಮಳೆ ಹಿಡಿದಿತ್ತಲ್ವಾ, ಅದು ಬಿಟ್ಟ ಮೇಲೆ ಮೇಕೆಗೆ ಸೊಪ್ಪು ತರಲು ಹತ್ತಿದೆ. ಕಡಿದ ಅಂಚಿನಿಂದ ಮೂರು ಹೆಜ್ಜೆ ಹಿಂದೆ, ಉದ್ದಕ್ಕೂ ಬಿರುಕು. ಬೆರಳು ಪೂರ್ತಿ ಒಳಗೆ ಹೋಯಿತು. ಅಂಚಿನಲ್ಲಿದ್ದ ಸೀತಾಫಲದ ಗಿಡ ನಮ್ಮ ಮನೆ ಕಡೆಗೆ ವಾಲಿದೆ.

ನಮ್ಮ ಯಜಮಾನರು "ಇದೇನು ಕೊಡಗಾ? ದುರ್ಗದಲ್ಲಿ ಮಳೆಯೇ ಇಲ್ಲ, ಗುಡ್ಡ ಎಲ್ಲಿ ಕುಸಿಯುತ್ತದೆ" ಎಂದು ನಕ್ಕರು. ಅತ್ತೆ ಮಲಗುವ ಕೋಣೆ ಆ ಕಡೆಗೇ ಇದೆ. ನನಗೆ ನಿದ್ದೆ ಇಲ್ಲ.

ದಾವಣಗೆರೆ ಲಾರಿ:
ಅಕ್ಕ, ನಗುವ ವಿಷಯ ಅಲ್ಲ. ನಾನು ಕಾರವಾರ ರೂಟಿನವನು. 2024ರ ಜುಲೈ 16ಕ್ಕೆ ಅಂಕೋಲಾ ಹತ್ತಿರ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿತ್ತಲ್ಲ, ಅಲ್ಲಿದ್ದ ಟೀ ಅಂಗಡಿ ಹತ್ತಿರ ನಾವೆಲ್ಲ ಗಾಡಿ ನಿಲ್ಲಿಸುತ್ತಿದ್ದೆವು. ಮಣ್ಣು ಗಂಗಾವಳಿ ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಹೊಡೆಯಿತು. ಒಂದು ಲಾರಿ ನದಿಯಲ್ಲಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಅಲ್ಲೂ ರಸ್ತೆಗೆ ಅಂತ ಗುಡ್ಡ ಕಡಿದಿದ್ದರು.

ರಿಟೈರ್ಡ್ ಮೇಷ್ಟ್ರು:
ತಾಯಿ, ನಿಮ್ಮ ಯಜಮಾನರು ಹೇಳಿದ್ದು ಅರ್ಧ ಸರಿ. 2024ರಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದಾಗ ಎರಡೇ ದಿನಕ್ಕೆ ಸುರಿದಷ್ಟು ಮಳೆ ನಮಗೆ ವರ್ಷಕ್ಕೆ ಬಿದ್ದರೆ ಹೆಚ್ಚು. ಇಡೀ ಗುಡ್ಡ ಇಳಿದು ಊರು ಮುಚ್ಚುವ ಭಯ ಇಲ್ಲಿಲ್ಲ. ಆದರೆ ನಿಮ್ಮ ಕೋಣೆ ಮುಚ್ಚಲು ಇಡೀ ಗುಡ್ಡ ಬೇಕಿಲ್ಲ, ನಾಲ್ಕು ಟ್ರ್ಯಾಕ್ಟರ್ ಲೋಡ್ ಸಾಕು.

ಕೋಟೆ ಕಡೆ ಗ್ರಾನೈಟ್. ಅಲ್ಲಿ ಬುಡದ ಮಣ್ಣು ತೊಳೆದುಹೋದರೆ ಬಂಡೆ ಉರುಳುವ ಭಯ. ನಿಮ್ಮ ಕಡೆ ಪದರು ಪದರಾದ ಕಲ್ಲು, ಅದರ ಮೇಲೆ ಪುಡಿಯಾದ ಗರಸು. ಒಣಗಿದ್ದಾಗ ಎಷ್ಟು ಗಟ್ಟಿ ಎಂದರೆ ಗುದ್ದಲಿಯೇ ಹಾರುತ್ತದೆ. ಸಂದಿಗೆ ನೀರು ಇಳಿದರೆ ಭಾರ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಅದಕ್ಕೆ ಆಸರೆಯಾಗಿದ್ದ ಬುಡವನ್ನೇ ಜೆಸಿಬಿ ಕಡಿದಿದೆ.

ಒಂದು ಕೆಲಸ ಮಾಡಿ. ಬಿರುಕಿನ ಈಚೆ ಒಂದು, ಆಚೆ ಒಂದು ಗೂಟ ಹೊಡೆದು, ನಡುವಿನ ಅಂತರ ಟೇಪಿನಲ್ಲಿ ಅಳೆದು ತಾರೀಖಿನ ಜೊತೆ ಬರೆದಿಡಿ. ಒಬ್ಬರೇ ಹೋಗಬೇಡಿ, ಮಳೆಯಲ್ಲಂತೂ ಬೇಡವೇ ಬೇಡ, ಅಂಚಿಗೆ ಕಾಲಿಡಬೇಡಿ. ಬಿರುಕಿಗೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿ. ಅದಕ್ಕೂ ಮೇಲ್ಗಡೆ ಸಣ್ಣ ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಅಂತರ ಒಂದು ಸೆಂಟಿಮೀಟರ್ ಹೆಚ್ಚಾದರೂ ಆ ಕೋಣೆ ಬಿಡಿ. ಮಳೆ ಹಿಡಿದರೆ ಮನೆಯನ್ನೇ ಬಿಡಿ.

ತಹಶೀಲ್ದಾರರಿಗೆ ಫೋಟೊ ಸಮೇತ ಅರ್ಜಿ ಕೊಡಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅವರೇ ಅಧ್ಯಕ್ಷರು. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ!

ಕೊಡಗಿನ ಮಗಳು, ದಾವಣಗೆರೆ ಸೊಸೆ:
ನನ್ನ ತವರು ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಗುಡ್ಡ ಕುಸಿದದ್ದು ಮರೆಯುವ ಹಾಗಿಲ್ಲ. ಅಮ್ಮ ಹೇಳುತ್ತಿದ್ದದ್ದು ಇಷ್ಟೇ: ಅಡುಗೆಮನೆ ಬಾಗಿಲು ಇದ್ದಕ್ಕಿದ್ದ ಹಾಗೆ ಬಿಗಿಯಾಯಿತು, ಒರತೆ ನೀರು ಕೆಂಪಾಯಿತು. ಅಂಥದ್ದು ಕಂಡರೆ ಸಾಮಾನು ಕಟ್ಟುತ್ತಾ ಕೂರಬೇಡಿ.

ಇನ್ನೊಂದು. ಹಿಂದಿನ ಸೈಟಿನವರು ಕಲ್ಲಿನ ಗೋಡೆ ಕಟ್ಟಿಕೊಡುತ್ತೇವೆ ಎಂದರೆ ಖುಷಿಪಡುವ ಮೊದಲು ನೀರು ಹೊರಬರಲು ಪೈಪು ಇಡುತ್ತಾರಾ, ಹಿಂದೆ ಜಲ್ಲಿ ತುಂಬುತ್ತಾರಾ ಕೇಳಿ. ಪೈಪಿಲ್ಲದ ಗೋಡೆ ನೀರು ಕಟ್ಟಿ ನಿಲ್ಲಿಸುತ್ತದೆ, ಆಮೇಲೆ ಗೋಡೆಯೂ ಸೇರಿ ಬೀಳುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಮಾಡಿಸಿದರೆ ಇನ್ನೂ ವಾಸಿ. ಅವರಿಗೆ ಸೈಟಿನ ಜಾಗ ಹೋಗುತ್ತದೆ, ಅದಕ್ಕೇ ಒಪ್ಪುವುದಿಲ್ಲ ಅಷ್ಟೇ.

ದುರ್ಗದ ಹಿತ್ತಲು:
ಎಲ್ಲರಿಗೂ ಥ್ಯಾಂಕ್ಸ್. ಗೂಟ ಹೊಡೆದ ದಿನ 52 ಸೆಂ.ಮೀ. ಇತ್ತು. ಇವತ್ತು ಬೆಳಗ್ಗೆ 53 ದಾಟಿದೆ. ಟೇಪಿನ ತುದಿ ಹಿಡಿದಿದ್ದು ನಾನು, ಓದಿದ್ದು ನಮ್ಮ ಯಜಮಾನರೇ. ಎರಡು ಸಲ ಓದಿದರು. ಈಗ ಅತ್ತೆಯ ಮಂಚ ಬಿಚ್ಚುತ್ತಿದ್ದಾರೆ, ಮೇಕೆ ಸಮೇತ ನಮ್ಮ ತಂಗಿ ಮನೆಗೆ ಹೊರಟಿದ್ದೇವೆ. ಅರ್ಜಿ ದಾರಿಯಲ್ಲೇ ಕೊಡುತ್ತೇವೆ.