ಅನಾಟಮಿ (ದೇಹರಚನೆ) ಹೆಸರುಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ನೀವೆಲ್ಲ ಹೇಗೆ ಕಲಿತಿರಿ?

ಕಲ್ಯಾಣ್‌ನಿಂದ, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ನಾನು 10ನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, 12ನೇದು ಆರ್ಟ್ಸ್. ಈ ವರ್ಷ ನರ್ಸಿಂಗ್‌ಗೆ ಸೇರಿದ್ದೇನೆ. ಕ್ಲಾಸ್ ಅರ್ಧ ಇಂಗ್ಲಿಷ್, ಅರ್ಧ ಮರಾಠಿ. ಮೀಡಿಯಲ್ (ಮೈಯ ನಡುಗೆರೆ ಕಡೆ), ಲ್ಯಾಟರಲ್ (ಹೊರಬದಿ), ಆಂಟೀರಿಯರ್ (ಮುಂದೆ), ಪೋಸ್ಟೀರಿಯರ್ (ಹಿಂದೆ) ಅಂತ ರಾತ್ರಿ ಹನ್ನೊಂದರವರೆಗೆ ಬಾಯಿಪಾಠ ಮಾಡುತ್ತೇನೆ, ಬೆಳಿಗ್ಗೆ ಲೋಕಲ್ ಹತ್ತುವಷ್ಟರಲ್ಲಿ ಎಲ್ಲ ಕಲಸಿಹೋಗಿರುತ್ತದೆ. ಮೊನ್ನೆ ಮ್ಯಾಡಮ್ ಕೈಗೆ ಹ್ಯೂಮರಸ್ (ತೋಳಿನ ಎಲುಬು) ಕೊಟ್ಟು ಪ್ರಾಕ್ಸಿಮಲ್ ತುದಿ ತೋರಿಸು ಅಂದರು. ನಾನು ಮೊಣಕೈ ಕಡೆಯ ತುದಿ ತೋರಿಸಿದೆ. ಅವರು ಬೈಯಲಿಲ್ಲ, ಆದರೆ ನನಗೇ ಅಳು ಬಂತು. ಈ ದಾರಿಯಲ್ಲಿ ನಡೆದು ಬಂದ ಅಕ್ಕ ಅಣ್ಣಂದಿರು ನಿಮ್ಮ ಅನುಭವ ಹೇಳಿ.

ಮುಲುಂಡ್‌ನಿಂದ, ನಿವೃತ್ತ ಸ್ಟಾಫ್ ನರ್ಸ್:

ಮಗಳೇ, ಪುಸ್ತಕ ಮುಚ್ಚಿಟ್ಟು ಎದ್ದು ನಿಲ್ಲು. ಮುಖ ಮುಂದೆ, ಪಾದ ಮುಂದೆ, ಕೈ ಎರಡೂ ಪಕ್ಕಕ್ಕೆ ಇಳಿಬಿಟ್ಟು ಅಂಗೈ ಮುಂದಕ್ಕೆ. ಇದೇ ಅನಾಟಾಮಿಕಲ್ ಪೊಸಿಷನ್. ರೋಗಿ ಅಂಗಾತ ಮಲಗಿರಲಿ, ಬೋರಲು ಬಿದ್ದಿರಲಿ, ಗಾಲಿಕುರ್ಚಿಯಲ್ಲಿ ಮುದುಡಿ ಕೂತಿರಲಿ, ಹೆಸರು ಹೇಳುವಾಗ ಅವರು ಹೀಗೇ ನಿಂತಿದ್ದಾರೆ ಅಂತಲೇ ಲೆಕ್ಕ. ಎಡ ಬಲ ಯಾವಾಗಲೂ ರೋಗಿಯದು, ನಿನ್ನದಲ್ಲ.

ಅಂಗೈ ಯಾಕೆ ಮುಂದಕ್ಕೆ ಅಂತ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅದಕ್ಕೇ ವರ್ಷವಿಡೀ ಒದ್ದಾಡಿದೆ. ನಾವು ಸುಮ್ಮನೆ ನಿಂತಾಗ ಹೆಬ್ಬೆರಳು ಮುಂದಿರುತ್ತದೆ. ಅಂಗೈ ಮುಂದಕ್ಕೆ ತಿರುಗಿಸಿದರೆ ಹೆಬ್ಬೆರಳು ಹೊರಬದಿಗೆ ಹೋಗುತ್ತದೆ, ಕಿರುಬೆರಳು ತೊಡೆಗೆ ತಾಗುತ್ತದೆ. ಆದ್ದರಿಂದ ಹೆಬ್ಬೆರಳ ಬದಿ ಲ್ಯಾಟರಲ್, ಕಿರುಬೆರಳ ಬದಿ ಮೀಡಿಯಲ್. ಈಗ ಎಡಗೈಯಿಂದ ಬಲ ಮುಂಗೈಯನ್ನು ಸಡಿಲವಾಗಿ ಹಿಡಿದುಕೊಂಡು ಬಲ ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸು. ಒಳಗೆ ಒಂದು ಎಲುಬು ಇನ್ನೊಂದರ ಮೇಲೆ ಹೊರಳುವುದು ಕೈಗೆ ತಿಳಿಯುತ್ತದೆ. ಹೊರಳುವುದು ರೇಡಿಯಸ್, ಹೆಚ್ಚುಕಡಿಮೆ ಇದ್ದಲ್ಲೇ ಇರುವುದು ಅಲ್ನಾ. ಅಂಗೈ ಮುಂದಿದ್ದಾಗ ಮಾತ್ರ ಎರಡೂ ಜೋಡಿ ಹಳಿಯ ಹಾಗೆ ಪಕ್ಕಪಕ್ಕ ಇರುತ್ತವೆ. ಕಾಲಿನಲ್ಲಿ ಇದು ತಿರುವುಮುರುವು: ಕಾಲಿನ ಹೆಬ್ಬೆರಳು ಮೀಡಿಯಲ್. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ.

ಮೈಗೆ ಹತ್ತಿರದ್ದು ಪ್ರಾಕ್ಸಿಮಲ್, ದೂರದ್ದು ಡಿಸ್ಟಲ್. ಇದಕ್ಕೆ ನಿನ್ನ ಮುಂಬೈ ಲೋಕಲ್ ಲೈನೇ ಸಾಕು. ಲೈನು ಶುರುವಾಗುವ ಸಿಎಸ್‌ಎಂಟಿ ಅಂದರೆ ಕೈ ಮೈಗೆ ಸೇರುವ ಜಾಗ, ಭುಜ. ಬೆರಳ ತುದಿ ಅಂದರೆ ಲೈನಿನ ಕೊನೆ. ಸಿಎಸ್‌ಎಂಟಿಯಿಂದ ಹೊರಟರೆ ದಾದರ್, ಠಾಣೆ, ಕಲ್ಯಾಣ್ ಸಾಲಾಗಿ ಬರುತ್ತವೆ; ಠಾಣೆ ದಾದರ್‌ಗಿಂತ ಡಿಸ್ಟಲ್, ಅದೇ ಠಾಣೆ ಕಲ್ಯಾಣ್‌ಗಿಂತ ಪ್ರಾಕ್ಸಿಮಲ್. ಒಂದೇ ಸ್ಟೇಷನ್ ಎರಡೂ ಆಗಬಹುದು, ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇವೆ ಅನ್ನುವುದೇ ಮುಖ್ಯ. ನಿನ್ನ ಹ್ಯೂಮರಸ್‌ನಲ್ಲಿ ಚೆಂಡಿನಂಥ ದುಂಡು ತಲೆ ಭುಜದ ಗುಳಿಯಲ್ಲಿ ಕೂರುವುದು, ಅದು ಪ್ರಾಕ್ಸಿಮಲ್. ಕಲ್ಯಾಣ್‌ನಲ್ಲಿ ಲೈನು ಕಸಾರಾ ಕಡೆಗೊಂದು, ಕರ್ಜತ್ ಕಡೆಗೊಂದು ಕವಲಾಗುತ್ತದಲ್ಲ? ತೋಳಿನ ಬ್ರೇಕಿಯಲ್ ಧಮನಿಯೂ ಮೊಣಕೈ ಹತ್ತಿರ ಹಾಗೇ ರೇಡಿಯಲ್, ಅಲ್ನಾರ್ ಎಂದು ಎರಡಾಗುತ್ತದೆ. ಬಿಪಿ ನೋಡುವಾಗ ಸ್ಟೆತೋಸ್ಕೋಪ್ ಇಡುವುದು ಕವಲಾಗುವ ಮೊದಲಿನ ಜಾಗಕ್ಕೆ, ನಾಡಿ ಹಿಡಿಯುವುದು ಹೆಬ್ಬೆರಳ ಬದಿಯ ರೇಡಿಯಲ್‌ಗೆ.

ಇನ್ನೊಂದು ಮಾತು. ಕನ್ನಡದಲ್ಲಿ ಕೈ ಅಂದರೆ ಭುಜದಿಂದ ಬೆರಳವರೆಗೆ ಎಲ್ಲ, ಕಾಲು ಅಂದರೆ ತೊಡೆಯಿಂದ ಪಾದದವರೆಗೆ ಎಲ್ಲ. ಅನಾಟಮಿಯಲ್ಲಿ ಆರ್ಮ್ ಅಂದರೆ ಭುಜದಿಂದ ಮೊಣಕೈವರೆಗೆ ಮಾತ್ರ, ಅದರ ಕೆಳಗಿನದು ಫೋರ್‌ಆರ್ಮ್. ಲೆಗ್ ಅಂದರೆ ಮಂಡಿಯಿಂದ ಪಾದದ ಕೀಲಿನವರೆಗೆ ಮಾತ್ರ, ಮೇಲಿನದು ಥೈ. ನಮಗೆ ತೋಳು, ಮುಂಗೈ, ತೊಡೆ, ಮೀನಖಂಡ ಎಲ್ಲ ಇವೆ, ಆಡುವಾಗ ಬಳಸುವುದಿಲ್ಲ ಅಷ್ಟೇ. ಚಾರ್ಟ್‌ನಲ್ಲಿ ‘ಕಾಲು ಊದಿದೆ’ ಅಂತ ಬರೆದರೆ ಮುಂದಿನ ಡ್ಯೂಟಿಗೆ ಬಂದ ಸಿಸ್ಟರ್ ಎಲ್ಲಿ ಅಂತ ಹುಡುಕಬೇಕು?

ಸೊಂಟಕ್ಕೆ ಇಂಜೆಕ್ಷನ್ ಅನ್ನುತ್ತಾರಲ್ಲ, ಅದು ಸೊಂಟವೂ ಅಲ್ಲ. ಒಂದು ಬದಿಯ ಪಿರ್ರೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ, ಮೇಲಿನ ಹೊರ ಭಾಗಕ್ಕೆ ಕೊಡಬೇಕು. ಕೆಳಗೆ ಒಳಬದಿಗೆ ಹೋದರೆ ಕಾಲಿಗೆ ಇಳಿಯುವ ಸಯಾಟಿಕ್ ನರ್ವ್ ಇದೆ. ಸುಪೀರಿಯರ್ (ಮೇಲೆ), ಲ್ಯಾಟರಲ್ ಅನ್ನುವ ಎರಡು ಮಾತು ಒಬ್ಬರ ಕಾಲನ್ನು ಉಳಿಸುತ್ತವೆ ಅಂತ ಅರ್ಥವಾದ ದಿನ ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿತು.

ಪುಣೆ, ಕೋಥ್ರೂಡ್‌ನಿಂದ, ಫಿಸಿಯೋಥೆರಪಿಸ್ಟ್:

ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು. ನಾನು ಧಾರವಾಡದಲ್ಲಿ ಓದಿ ಇಲ್ಲಿಗೆ ಬಂದವಳು. ನನಗೆ ತೊಂದರೆ ಕೊಟ್ಟದ್ದು ಲ್ಯಾಟಿನ್ ಅಲ್ಲ, ನಮ್ಮದೇ ‘ನರ’ ಅನ್ನುವ ಪದ. ರಕ್ತ ತೆಗೆಯುವಾಗ ‘ನರ ಸಿಗ್ತಿಲ್ಲ’ ಅಂದರೆ ವೇನ್, ರಕ್ತ ಹೃದಯಕ್ಕೆ ಮರಳುವ ನಾಳ. ‘ಮಲಗಿದಾಗ ನರ ಎಳೀತು’ ಅಂದರೆ ಹೆಚ್ಚಾಗಿ ಮೀನಖಂಡದ ಸ್ನಾಯು. ‘ನರ ಒತ್ತಿದೆ, ಬೆರಳು ಜೋಮು ಹಿಡೀತದೆ’ ಅಂದರೆ ನಿಜಕ್ಕೂ ನರ್ವ್, ಮಿದುಳಿಗೂ ಮೈಗೂ ಸಂದೇಶ ಒಯ್ಯುವ ತಂತು. ಮರಾಠಿ ರೋಗಿಗಳ ‘ನಸ’ ಕೂಡ ಹೀಗೇ, ಎಲ್ಲಕ್ಕೂ ಒಂದೇ.

ನಿನ್ನ ಮಣಿಕಟ್ಟಿನಲ್ಲೇ ಇದನ್ನು ಬಿಡಿಸಿ ನೋಡಬಹುದು. ಹೆಬ್ಬೆರಳನ್ನೂ ಕಿರುಬೆರಳನ್ನೂ ತಾಗಿಸಿ ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸು. ನಡುವೆ ಹಗ್ಗದ ಹಾಗೆ ಎದ್ದು ನಿಲ್ಲುವುದು ಟೆಂಡನ್, ಸ್ನಾಯುವನ್ನು ಎಲುಬಿಗೋ ಅಂಗೈಯ ಪದರಕ್ಕೋ ಬಿಗಿಯುವ ಪಟ್ಟಿ. ಇದರ ಹೆಸರು ಪಾಲ್ಮಾರಿಸ್ ಲಾಂಗಸ್. ಕೆಲವರಿಗೆ ಇದು ಹುಟ್ಟಿನಿಂದಲೇ ಇರುವುದಿಲ್ಲ, ಕಾಣದಿದ್ದರೆ ಹೆದರಬೇಡ, ಕೈಗೇನೂ ಕೊರತೆಯಿಲ್ಲ. ಚರ್ಮದಡಿ ನೀಲಿಯಾಗಿ ಕಾಣುವುದು ವೇನ್. ಹೆಬ್ಬೆರಳ ಬದಿ ಬಡಿಯುವುದು ಆರ್ಟರಿ (ಧಮನಿ). ನರ್ವ್ ಕಣ್ಣಿಗೆ ಬೀಳುವುದೇ ಇಲ್ಲ, ಆ ಹಗ್ಗದ ಅಡಿಯಲ್ಲಿ ಮೀಡಿಯನ್ ನರ್ವ್ ಅಂಗೈಗೆ ಇಳಿಯುತ್ತದೆ. ಎರಡು ಬೆರಳಗಲದ ಜಾಗದಲ್ಲಿ ನಾಲ್ಕೂ ಇವೆ, ಆಡುಮಾತಿನಲ್ಲಿ ನಾಲ್ಕೂ ‘ನರ’!

ಹೆಸರುಗಳ ಅರ್ಥ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಪಟೆಲ್ಲಾ ಅಂದರೆ ಲ್ಯಾಟಿನ್‌ನಲ್ಲಿ ಪುಟ್ಟ ತಟ್ಟೆ. ನಾವು ಮಂಡಿಯಲ್ಲಿ ಚಿಪ್ಪು ಕಂಡೆವು, ಅವರು ತಟ್ಟೆ ಕಂಡರು. ಕ್ಲಾವಿಕಲ್ (ಕೊರಳೆಲುಬು) ಪುಟ್ಟ ಬೀಗದ ಕೈ, ಟಿಬಿಯಾ (ಮಂಡಿಯ ಕೆಳಗಿನ ದೊಡ್ಡ ಎಲುಬು) ಕೊಳಲು, ಕಿವಿಯೊಳಗಿನ ಕಾಕ್ಲಿಯಾ ಬಸವನಹುಳು. ಮಣಿಕಟ್ಟಿನ 8 ಎಲುಬುಗಳಲ್ಲಿ ಒಂದು ದೋಣಿ (ಸ್ಕ್ಯಾಫಾಯ್ಡ್), ಒಂದು ಚಂದ್ರ (ಲೂನೇಟ್), ಒಂದು ಬಟಾಣಿ (ಪಿಸಿಫಾರ್ಮ್). ಮಸಲ್ ಅನ್ನುವ ಮಾತೇ ಲ್ಯಾಟಿನ್‌ನ ‘ಪುಟ್ಟ ಇಲಿ’. ಅವರಿಗೆ ಸ್ನಾಯುವಿನಲ್ಲಿ ಇಲಿ ಕಂಡಿತು, ನಮ್ಮವರಿಗೆ ಕಾಲಿನ ಹಿಂದೆ ಮೀನು ಕಂಡಿತು.

ಬೆನ್ನೆಲುಬಿಗೆ ನಾನು ಡಬ್ಬಾ ಲೆಕ್ಕ ಇಟ್ಟುಕೊಂಡಿದ್ದೆ: 7ಕ್ಕೆ ಮನೆ ಬಿಡು, 12ಕ್ಕೆ ಡಬ್ಬಾ ಬಿಚ್ಚು, 5ಕ್ಕೆ ವಾಪಸ್. ಕುತ್ತಿಗೆಯಲ್ಲಿ 7 ಸರ್ವೈಕಲ್, ಪಕ್ಕೆಲುಬು ಸೇರುವ 12 ಥೊರಾಸಿಕ್, ಕೆಳಬೆನ್ನಿನಲ್ಲಿ 5 ಲಂಬಾರ್. ಮನೆಯಲ್ಲಿ ಯಾರಾದರೂ ಬೆನ್ನು ಕೊಟ್ಟರೆ ಮುಟ್ಟಿ ನೋಡು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಗಂಟು ಸಾಮಾನ್ಯವಾಗಿ ಏಳನೆಯ ಸರ್ವೈಕಲ್. ಎರಡೂ ಸೊಂಟದ ಎಲುಬಿನ ಮೇಲಂಚಿಗೆ ಕೈಯಿಟ್ಟು ನಡುವೆ ಗೆರೆ ಎಳೆದರೆ ಅದು ಸುಮಾರಾಗಿ ನಾಲ್ಕನೆಯ ಲಂಬಾರ್ ಮೇಲೆ ಹಾಯುತ್ತದೆ.

ಗೋವಾ, ವಾಸ್ಕೋದಿಂದ, ಎಕ್ಸ್‌ರೇ ಟೆಕ್ನಿಷಿಯನ್:

ತಂಗಿ, ನಮ್ಮೂರು ಬಾಗಲಕೋಟಿ ಕಡೆ. ಇಲ್ಲಿ ನಮ್ಮ ಭಾಗದ ಮಂದಿ ಬಾಳ ಅದಾರ, ಕನ್ನಡ ಬರತೈತಿ ಅಂತ ಡಾಕ್ಟರ್ ನನ್ನ ಕರೀತಾರ. ಕೆಲಸಕ್ಕ ಸೇರಿದ ಹೊಸತಾಗ ಒಬ್ಬ ಅಜ್ಜ ಬಂದಿದ್ದ, ‘ಟೊಂಕ ಬಾಳ ನೋಯ್ತೈತಿ’ ಅಂದ. ನಾನು ಡಾಕ್ಟರ್‌ಗೆ ‘ಹಿಪ್ ಪೇನ್’ ಅಂತ ಹೇಳಿಬಿಟ್ಟೆ. ಅವರು ಪೆಲ್ವಿಸ್ (ಸೊಂಟದ ಎಲುಬಿನ ಕಟ್ಟು) ಫಿಲ್ಮ್ ಬರದ್ರು. ಹಿಪ್ ಜಾಯಿಂಟ್, ಅಂದ್ರ ತೊಡಿ ಸೊಂಟಕ್ಕ ಸೇರೋ ಕೀಲು, ಚಲೋನ ಇತ್ತು. ಆಮ್ಯಾಲೆ ‘ಅಜ್ಜಾ, ಒಂದ ಬೆರಳಲೆ ತೋರಸು’ ಅಂದೆ. ಅಂವ ತೋರಿಸಿದ್ದು ಕೆಳಬೆನ್ನು, ಲಂಬಾರ್. ಅಜ್ಜ ಎರಡನೇ ಸಲ ಮಲಗಿ ಫಿಲ್ಮ್ ತಗಸಬೇಕಾತು. ತಪ್ಪು ನಂದು, ಅವತ್ತಿಂದ ‘ಒಂದ ಬೆರಳಲೆ ತೋರಸ್ರಿ’ ಅಂತ ಕೇಳದ ಯಾವ ಮಾತನ್ನೂ ಇಂಗ್ಲಿಷ್‌ಗೆ ತಿರುಗಸಂಗಿಲ್ಲ. ಕೊಂಕಣಿಯವರು ‘ಪೋಟಾಂತ್ ದುಖ್ತಾ’ ಅಂದ್ರೂ ಅಷ್ಟ, ಹೊಟ್ಟಿ ಅನ್ನೋದು ಬಾಳ ದೊಡ್ಡ ಊರು. ಬಲ ಮ್ಯಾಲೆ ಲಿವರ್, ಎಡ ಮ್ಯಾಲೆ ಹಿಂದಕ್ಕ ಸ್ಪ್ಲೀನ್ (ಗುಲ್ಮ), ಬಲ ಕೆಳಗ ಅಪೆಂಡಿಕ್ಸ್. ಅಪೆಂಡಿಕ್ಸ್ ನೋವು ಅನೇಕ ಸಲ ಹೊಕ್ಕಳ ಸುತ್ತ ಸುರು ಆಗಿ ಆಮ್ಯಾಲೆ ಬಲ ಕೆಳಗ ಇಳೀತೈತಿ, ಅದಕ್ಕ ‘ಮೊದಲ ಎಲ್ಲಿತ್ತು, ಈಗ ಎಲ್ಲಿ’ ಅಂತ ಎರಡೂ ಕೇಳಬೇಕು.

ಫಿಲ್ಮ್ ನೋಡುವಾಗ ರೋಗಿ ನಿನ್ನ ಎದುರು ನಿಂತಾನ ಅಂತ ತಿಳಕೋ. ನಿನ್ನ ಎಡಕ್ಕ ಕಾಣೋದು ಅವನ ಬಲ. ಹೃದಯದ ತುದಿ ನಿನ್ನ ಬಲಕ್ಕ ಬರತೈತಿ, ಅದು ಅವನ ಎಡ. ಪಿಎ ಅಂತ ಬರದಿದ್ರ ಕಿರಣ ಬೆನ್ನಿಂದ ಹೊಕ್ಕು ಎದಿಯಿಂದ ಹೊರಗ ಬಂತು, ಎಪಿ ಅಂದ್ರ ಅದರ ಉಲ್ಟಾ. ಎಪಿಯೊಳಗ ಹೃದಯ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣತೈತಿ. ಪೋಸ್ಟೀರಿಯರ್, ಆಂಟೀರಿಯರ್ ಅನ್ನೋ ಎರಡು ಅಕ್ಷರ ಮರತ್ರ ಚಲೋ ಇದ್ದ ಹೃದಯಕ್ಕ ರೋಗ ಹಚ್ಚಿಬಿಡತೀವಿ.

ಪ್ಲೇನ್‌ಗಳಿಗೆ (ಮೈಯನ್ನ ಹೋಳು ಮಾಡಿ ನೋಡೋ ದಿಕ್ಕುಗಳಿಗೆ) ಇಲ್ಲಿನ ಪಾವ್ ನೆನಸ್ಕೋ. ಉದ್ದನ್ನ ಬ್ರೆಡ್ಡನ್ನ ಅಡ್ಡ ಹೋಳು ಮಾಡಿದ್ರ ಟ್ರಾನ್ಸ್‌ವರ್ಸ್, ಸಿಟಿ ಸ್ಕ್ಯಾನ್‌ನಾಗ ನೋಡೋ ಹೋಳು ಹೆಚ್ಚಾಗಿ ಅವ. ಎಡ ಬಲ ಬ್ಯಾರೆ ಮಾಡೋದು ಸ್ಯಾಜಿಟಲ್, ಎದಿ ಬೆನ್ನು ಬ್ಯಾರೆ ಮಾಡೋದು ಕರೋನಲ್.

ಪನ್ವೇಲ್‌ನಿಂದ, ಜಿಎನ್‌ಎಂ ಮೂರನೇ ವರ್ಷ:

ನಾನೂ ಕನ್ನಡ ಮಾಧ್ಯಮದವನೇ. ಒಂದು ಎಚ್ಚರಿಕೆ ಹೇಳುತ್ತೇನೆ. ಪ್ರತಿ ಪದಕ್ಕೂ ನಿಘಂಟಿನ ಕನ್ನಡ ಹುಡುಕುತ್ತಾ ಕೂರಬೇಡಿ. ಮೊದಲ ಮೂರು ತಿಂಗಳು ನಾನು ಅದನ್ನೇ ಮಾಡಿದೆ. ಪ್ಯಾಂಕ್ರಿಯಾಸ್‌ಗೆ ಮೇದೋಜೀರಕ ಗ್ರಂಥಿ ಅಂತ ಬರೆದುಕೊಂಡೆ, ಕಲಿಯಬೇಕಾದ ಪದ ಒಂದರ ಬದಲು ಎರಡಾಯಿತು. ಮನೆಯಲ್ಲಿ ಆಡುವ ಮಾತಿದ್ದರೆ ಜೋಡಿಸಿಕೊಳ್ಳಿ, ಇಲ್ಲದಿದ್ದರೆ ಇಂಗ್ಲಿಷ್ ಹೆಸರನ್ನೇ ಅಂಗದ ಚಿತ್ರದ ಜೊತೆ ಕಲಿಯಿರಿ. 206 ಎಲುಬನ್ನೂ ಮೊದಲ ವಾರವೇ ಬಾಯಿಪಾಠ ಮಾಡಲು ಹೋಗಬೇಡಿ.

ಕನ್ನಡ ಅಕ್ಷರದಲ್ಲಿ ಬರೆದುಕೊಂಡರೆ ಮೋಸ ಹೋಗುವ ಜೋಡಿಗಳಿವೆ. ಇಲಿಯಮ್ ಅಂತ ಎರಡಿವೆ: ಇಂಗ್ಲಿಷ್‌ನಲ್ಲಿ ನಡುವೆ i ಅಕ್ಷರ ಬಂದರೆ (ilium) ಸೊಂಟದ ಎಲುಬು, e ಬಂದರೆ (ileum) ಸಣ್ಣ ಕರುಳಿನ ಕೊನೆಯ ಭಾಗ. ಯುರೀಟರ್ ಕಿಡ್ನಿಯಿಂದ ಮೂತ್ರಕೋಶಕ್ಕೆ, ಯುರೀತ್ರಾ ಮೂತ್ರಕೋಶದಿಂದ ಹೊರಕ್ಕೆ. ಕೈ ಮೈಯಿಂದ ದೂರ ಹೋದರೆ ಅಬ್ಡಕ್ಷನ್, ಹತ್ತಿರ ಬಂದರೆ ಅಡ್ಡಕ್ಷನ್. ನಮ್ಮ ಸರ್ ‘ಎ-ಬಿ-ಡಕ್ಷನ್’, ‘ಎ-ಡಿ-ಡಕ್ಷನ್’ ಅಂತ ಅಕ್ಷರ ಬಿಡಿಸಿಯೇ ಹೇಳುತ್ತಾರೆ, ನಾನೂ ಹಾಗೇ ಹೇಳುತ್ತೇನೆ. ಪದಗಳ ಕೊನೆಗೆ ಅಂಟುವ ಬಾಲಗಳು ಸುಲಭ: ಐಟಿಸ್ ಅಂದರೆ ಉರಿಯೂತ, ಎಕ್ಟಮಿ ಅಂದರೆ ತೆಗೆದುಹಾಕುವುದು, ಆಸ್ಟಮಿ ಅಂದರೆ ಹೊರಕ್ಕೆ ಬಾಯಿ ಮಾಡುವುದು.

ಕಲ್ಯಾಣ್‌ನಿಂದ, ಅದೇ ವಿದ್ಯಾರ್ಥಿನಿ, ನಾಲ್ಕು ದಿನದ ನಂತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂಗೈ ತಿರುಗಿಸಿ ನೋಡಿದೆ ಅಕ್ಕ, ಎಲುಬು ಹೊರಳುವುದು ನಿಜವಾಗಿಯೂ ಕೈಗೆ ಸಿಕ್ಕಿತು, ಅಮ್ಮನ ಕೈಯಲ್ಲೂ ತೋರಿಸಿದೆ. ನನ್ನ ಬಲಗೈಯಲ್ಲಿ ಆ ಹಗ್ಗದಂಥ ಟೆಂಡನ್ ಇದೆ, ಎಡಗೈಯಲ್ಲಿ ಕಾಣಲಿಲ್ಲ!

ಅಪ್ಪ ಸಿಮೆಂಟ್ ಗೋದಾಮಿನಲ್ಲಿ ಮೂಟೆ ಹೊರುತ್ತಾರೆ, ಅವರೂ ದಿನಾ ‘ಟೊಂಕ’ ಅನ್ನುತ್ತಾರೆ. ನಿನ್ನೆ ರಾತ್ರಿ ಅವರ ಬೆನ್ನು ಮುಟ್ಟಿ ನೋಡಿದೆ. ಒಂದೇ ಬೆರಳಲ್ಲಿ ತೋರಿಸಿ ಅಂದೆ. ಸೊಂಟದ ಎಲುಬಿನ ಗೆರೆಗಿಂತ ಒಂದು ಬೆರಳು ಕೆಳಗೆ, ನಟ್ಟನಡುವೆ ತೋರಿಸಿದರು. ನೋವು ಕಾಲಿಗೆ ಇಳಿಯುತ್ತದಾ ಅಂತ ಕೇಳಿದೆ, ಎಡ ಪಿರ್ರೆಯಿಂದ ಮೀನಖಂಡದವರೆಗೆ ಒಮ್ಮೊಮ್ಮೆ ಅಂದರು. ಇಷ್ಟು ವರ್ಷ ನಮಗೆ ಯಾರಿಗೂ ಹೇಳಿರಲಿಲ್ಲ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಸೋಮವಾರ ಅವರನ್ನು ಆರ್ಥೋ (ಎಲುಬು ಕೀಲಿನ) ಓಪಿಡಿಗೆ ಕರೆದುಕೊಂಡು ಹೋಗುತ್ತೇನೆ.