ಸಹಾಯ ಬೇಕು: ಶೂಬರ್ಟ್ ಆಯ್ತು, ಮುಂದೆ ಯಾರನ್ನು ಕೇಳಲಿ?

ಪಿಯಾನೋ ಜೊತೆ ಒಬ್ಬರೇ ಹಾಡುವ ಪಾಶ್ಚಾತ್ಯ ಶಾಸ್ತ್ರೀಯ ಹಾಡುಗಳ ಹುಚ್ಚು ಹಿಡಿದಿದೆ. ಆಸ್ಟ್ರಿಯಾದ ಸಂಗೀತ ರಚನಕಾರ ಶೂಬರ್ಟ್ ಒಬ್ಬನೇ ಇಂಥವನ್ನು 600ಕ್ಕೂ ಜಾಸ್ತಿ ಬರೆದಿದ್ದಾನೆ, ಆದರೆ ಎಲ್ಲಿ ಹುಡುಕಿದರೂ ಅವೇ ನಾಲ್ಕು ಹಾಡು ತಿರುಗಿ ತಿರುಗಿ ಬರುತ್ತವೆ.

ಈಚೆಗೆ ಜರ್ಮನ್ ರಚನಕಾರ ಕಾರ್ಲ್ ಲೋವೆಯ ಹಾಡು ಕೇಳಿದೆ. ಶೂಬರ್ಟ್ ರಾಗ ಹಾಕಿದ ಕವಿ ಗೋಥೆಯ 'ಎರ್ಲ್‌ಕೋನಿಗ್' ಕವನಕ್ಕೆ ಇವನೂ ರಾಗ ಹಾಕಿದ್ದಾನೆ. ರಾತ್ರಿ ಮಗುವನ್ನು ಎತ್ತಿಕೊಂಡು ಕುದುರೆ ಓಡಿಸುವ ಅಪ್ಪ, ದಾರಿಯಲ್ಲಿ ಆ ಮಗುವನ್ನು ತನ್ನತ್ತ ಕರೆಯುವ ಮಾಯಾವಿ ರಾಜ, ಇದೇ ಅದರ ಕಥೆ. ಶೂಬರ್ಟ್‌ನದರಲ್ಲಿ ಪಿಯಾನೋದ ಬಲಗೈ ಕುದುರೆ ಓಡಿದ ಹಾಗೆ ಬಡಿಯುತ್ತಲೇ ಇರುತ್ತೆ, ಲೋವೆಯಲ್ಲಿ ಆ ಮಾಯಾವಿ ರಾಜ ಮೂರೇ ಸ್ವರಗಳ ಮೇಲೆ ಪಿಸುಗುಟ್ಟುತ್ತಾ ಮಗುವನ್ನು ಕರೆಯುತ್ತಾನೆ. ಸತ್ಯ ಹೇಳ್ತೀನಿ, ನನಗೆ ಇದೇ ಜಾಸ್ತಿ ಹೆದರಿಕೆ ಹುಟ್ಟಿಸಿತು.

ಇಂಥ ಮರೆತುಹೋದ ರಚನಕಾರರ ಒಳ್ಳೆಯ ರೆಕಾರ್ಡಿಂಗ್ ಗೊತ್ತಿದ್ದರೆ ಹೇಳಿ. ಮುಖ್ಯವಾಗಿ ರಷ್ಯಾದ ಮೆಡ್ಟ್ನರ್. ಅವನೇ ಪಿಯಾನೋ ನುಡಿಸಿ 1950ರಲ್ಲಿ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಜೊತೆ ಮಾಡಿದ ರೆಕಾರ್ಡಿಂಗ್ ಇದೆಯಲ್ಲ, ಅದರ ಗರಗರ ಶಬ್ದ ತೆಗೆಯಲು ಹೋಗಿ ದನಿಯನ್ನೇ ಸಾಯಿಸಿರದ ಪ್ರತಿ ಯಾವುದು? ಸ್ವಲ್ಪ ಗರಗರ ಇದ್ದರೂ ಪರವಾಗಿಲ್ಲ. ಸ್ವಿಸ್ ರಚನಕಾರ ಓಟ್ಮಾರ್ ಶೋಕ್ ಹಾಡುಗಳನ್ನು ಎಲ್ಲಿಂದ ಶುರು ಮಾಡಬೇಕು ಅಂತಲೂ ತಿಳಿಸಿ. ಪದಗಳ ಅರ್ಥ ಜೊತೆಗಿದ್ದರೆ ಇನ್ನೂ ಒಳ್ಳೆಯದು, ಜರ್ಮನ್ ಬರಲ್ಲ. ಸುಮ್ನೆ 'ಟಾಪ್ ಟೆನ್' ಪಟ್ಟಿ ಮಾತ್ರ ಬೇಡ.